ಬಿಡುವಿನ ವೇಳೆಯ ಲಾರಿ: ಚಾಲಕನ ವಿಶ್ರಾಂತಿ ಮತ್ತು ಮಾಲೀಕನ ಹೊಣೆ

ಬಾಗಲಕೋಟೆ ಜಿಲ್ಲೆಯ ವ್ಯಾಪಾರ-ವಹಿವಾಟು ಬಹುಪಾಲು ಲಾರಿಗಳನ್ನು ಅವಲಂಬಿಸಿದೆ. ಇಳಕಲ್ಲಿನ ಕೆಂಪು ಗ್ರಾನೈಟ್ ದಿಮ್ಮಿಗಳು ಬಂದರಿನ ಕಡೆಗೆ ಸಾಗುವುದು ಲಾರಿಯಲ್ಲಿ. ಹುನಗುಂದದ ಎರೆಭೂಮಿಯ ಕಡಲೆ, ಜೋಳ ದೂರದ ಮಾರುಕಟ್ಟೆ ಸೇರುವುದು ಲಾರಿಯಲ್ಲಿ. ಜಿಲ್ಲೆಯ ಸಿಮೆಂಟ್, ಸಕ್ಕರೆ, ಸೀರೆಯ ಗಂಟು ಇವೆಲ್ಲಕ್ಕೂ ಅದೇ ಆಧಾರ. ಹಿಂದೆ ರಾಷ್ಟ್ರೀಯ ಹೆದ್ದಾರಿ 13 ಎನಿಸಿ, ಈಗ 50 ಎಂಬ ಸಂಖ್ಯೆ ಪಡೆದಿರುವ ವಿಜಯಪುರ–ಹೊಸಪೇಟೆ ಮಾರ್ಗವು ಹುನಗುಂದ, ಇಳಕಲ್ ಮೂಲಕವೇ ಹಾದುಹೋಗುವುದರಿಂದ ಇಲ್ಲಿ ಲಾರಿ ಇಟ್ಟುಕೊಂಡವರ ಸಂಖ್ಯೆಯೂ ಕಡಿಮೆಯೇನಲ್ಲ. ಆದರೆ ಅವರಲ್ಲಿ ಅನೇಕರು ದೊಡ್ಡ ಸಾರಿಗೆ ಸಂಸ್ಥೆಗಳವರಲ್ಲ. ಒಂದೋ ಎರಡೋ ಲಾರಿಗಳನ್ನು ಸಾಲದ ಮೇಲೆ ಕೊಂಡು, ಒಬ್ಬಿಬ್ಬರು ಚಾಲಕರನ್ನು ನಂಬಿ ವ್ಯವಹಾರ ನಡೆಸುವ ಸಣ್ಣ ವರ್ತಕರು ಮತ್ತು ಉದ್ಯಮಿಗಳು.

ಇಂಥವರು ಬಾಡಿಗೆಯ ದರ, ಡೀಸೆಲ್ ಬೆಲೆ, ಟೈರಿನ ಸವಕಳಿ ಇವುಗಳ ಲೆಕ್ಕವನ್ನು ಪೈಸೆ ಪೈಸೆಗೂ ಇಡುತ್ತಾರೆ. ಆದರೆ ಲೆಕ್ಕದ ಪುಸ್ತಕಕ್ಕೆ ಬಾರದ ವಿಷಯವೊಂದಿದೆ. ಚಾಲಕನ ದುಡಿಮೆ ಮುಗಿದು, ಮರುದಿನದ ದುಡಿಮೆ ಆರಂಭವಾಗುವವರೆಗಿನ ಅವಧಿಯಲ್ಲಿ ಲಾರಿ ಎಲ್ಲಿರುತ್ತದೆ, ಯಾರ ಕೆಲಸಕ್ಕೆ ಓಡುತ್ತದೆ ಎಂಬುದೇ ಆ ವಿಷಯ. ಅನಾಹುತ ಸಂಭವಿಸುವವರೆಗೆ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಸಂಭವಿಸಿದ ಮೇಲೆ ಇದರ ಹೊರತು ಬೇರೆ ಪ್ರಶ್ನೆಯೇ ಇರುವುದಿಲ್ಲ.

ಮೂರು ಸನ್ನಿವೇಶಗಳು

ವಿಷಯ ಸ್ಪಷ್ಟವಾಗಲು ಮೂರು ಸಾಮಾನ್ಯ ಸನ್ನಿವೇಶಗಳನ್ನು ಕಲ್ಪಿಸಿಕೊಳ್ಳಬಹುದು.

ಮೊದಲನೆಯದು: ಬಾಗಲಕೋಟೆಯಲ್ಲಿ ಸಂಜೆ ಸರಕು ಇಳಿಸಿದ ಚಾಲಕನ ಊರು ಬಾದಾಮಿಯ ಸಮೀಪದ ಹಳ್ಳಿ. ಮರುದಿನ ಬೆಳಿಗ್ಗೆ ಹುನಗುಂದದಲ್ಲಿ ಲೋಡು. ಬಸ್ಸಿನ ವೇಳೆ ಮೀರಿರುವುದರಿಂದ ಆತ ಖಾಲಿ ಲಾರಿಯಲ್ಲೇ ಮನೆಗೆ ಹೋಗಿ ಮಲಗಿ, ನಸುಕಿನಲ್ಲಿ ಹೊರಟು ಬರುತ್ತಾನೆ.

ಎರಡನೆಯದು: ಇಳಕಲ್ಲಿನಿಂದ ಗ್ರಾನೈಟ್ ಹೇರಿಕೊಂಡು ಹೊರಟ ಚಾಲಕ ಹೆದ್ದಾರಿ ಬಿಟ್ಟು ತನ್ನ ಬಂಧುಗಳ ಊರಿಗೆ ತಿರುಗಿ, ಅಲ್ಲಿ ಒಂದು ದಿನ ತಂಗುತ್ತಾನೆ. ಲಾರಿಯ ಮೇಲೆ ಬೇರೆಯವರ ಸರಕು ಇದ್ದೇ ಇರುತ್ತದೆ.

ಮೂರನೆಯದು: ಪುಷ್ಯ ಮಾಸದ ಬನದ ಹುಣ್ಣಿಮೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಊರಿಗೆ ಊರೇ ಹೊರಟಿದೆ. ರಜೆಯ ಮೇಲೆ ಬಂದ ಚಾಲಕನ ಲಾರಿ ಗುಡಿಯ ಮುಂದೆ ನಿಂತಿದೆ. ಓಣಿಯ ಹಿರಿಯರು ಕೇಳಿದರೆ ಇಲ್ಲವೆನ್ನುವುದು ಹೇಗೆ? ಮಹಿಳೆಯರು, ಮಕ್ಕಳು ಸೇರಿ ಇಪ್ಪತ್ತು-ಮೂವತ್ತು ಜನ ಹತ್ತಿ ಕೂರುತ್ತಾರೆ. ಬಾಡಿಗೆಯ ಮಾತೇ ಇಲ್ಲ. ದೇವರ ಕಾರ್ಯವೆಂದು ಮಾಲೀಕನೂ ಫೋನಿನಲ್ಲಿ ‘ಹೋಗಿ ಬನ್ನಿ’ ಎಂದಿರುತ್ತಾನೆ.

ಮೂರರಲ್ಲಿಯೂ ಚಾಲಕನಿಗೆ ಕೆಟ್ಟ ಉದ್ದೇಶವಿಲ್ಲ. ತಿಂಗಳಲ್ಲಿ ಬಹುದಿನ ರಸ್ತೆಯ ಮೇಲೆಯೇ ಕಳೆಯುವವನಿಗೆ ಲಾರಿಯೇ ಮನೆ, ಅದೇ ವಾಹನ. ಆದರೆ ಕಾನೂನಿನ ಮುಂದೆ ಈ ಮೂರೂ ಒಂದೇ ಅಲ್ಲ.

ದುಡಿಮೆಯ ಅವಧಿ: ಕಾಯ್ದೆ ಏನನ್ನುತ್ತದೆ?

ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961 ಚಾಲಕರ ದುಡಿಮೆಗೆ ಮಿತಿ ಹಾಕಿದ ಪ್ರಮುಖ ಶಾಸನ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಮಾರ್ಗಗಳಲ್ಲಿ ಹಾಗೂ ಹಬ್ಬದ ಸಂದರ್ಭಗಳಲ್ಲಿ ಅಧಿಕಾರಿಗಳ ಒಪ್ಪಿಗೆಯ ಮೇರೆಗೆ ದಿನಕ್ಕೆ 10 ಮತ್ತು ವಾರಕ್ಕೆ 54 ಗಂಟೆ. 5 ಗಂಟೆಗೆ ಮೀರದಂತೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆಯ ವಿರಾಮ. ಒಂದು ದಿನದ ದುಡಿಮೆ ಮುಗಿದು ಮರುದಿನದ್ದು ಆರಂಭವಾಗುವ ನಡುವೆ ಸತತ 9 ಗಂಟೆಗಳ ವಿಶ್ರಾಂತಿ. ಇವು ಆ ಕಾಯ್ದೆಯ ಮುಖ್ಯ ನಿಬಂಧನೆಗಳಾಗಿದ್ದವು. ಐವರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಾರಿಗೆ ಉದ್ಯಮಗಳಿಗೆ ಅದು ಅನ್ವಯಿಸುತ್ತಿತ್ತು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಪರಿಸ್ಥಿತಿಗಳ ಸಂಹಿತೆ, 2020 ಆ ಕಾಯ್ದೆಯ ಸ್ಥಾನವನ್ನು ಪಡೆದಿದೆ. ದಿನಕ್ಕೆ 8 ಗಂಟೆಗಳ ಮಿತಿಯನ್ನು ಸಂಹಿತೆ ಉಳಿಸಿಕೊಂಡಿದೆ. ವಿರಾಮ ಮುಂತಾದ ವಿವರಗಳನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಅದು ಅನ್ವಯವಾಗುವುದು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಉದ್ಯಮಗಳಿಗೆ. ಹಾಗೆಂದು ಒಂದೆರಡು ಲಾರಿಗಳ ಮಾಲೀಕರು ನಿಶ್ಚಿಂತರಾಗುವಂತಿಲ್ಲ. ಮೋಟಾರು ವಾಹನಗಳ ಕಾಯ್ದೆ, 1988ರ 91ನೇ ಪ್ರಕರಣವು ಸಾರಿಗೆ ವಾಹನ ನಡೆಸಲು ನೇಮಿಸಿದ ಯಾವುದೇ ವ್ಯಕ್ತಿಯ ದುಡಿಮೆಯ ಅವಧಿಯ ಬಗ್ಗೆ ಮಾತನಾಡುತ್ತದೆಯೇ ಹೊರತು ಕಾರ್ಮಿಕರ ಸಂಖ್ಯೆಯನ್ನು ಎಣಿಸುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಚಾಲಕರ ದುಡಿಮೆಯ ಅವಧಿಯ ನಿಯಮಗಳು ಪರಿಣಾಮಕಾರಿಯಾಗಿ ಜಾರಿಯಾಗಬೇಕೆಂದು ಸರ್ಕಾರಗಳಿಗೆ ಸೂಚಿಸಿದೆ.

ಇನ್ನೊಂದು ಅಂಶವೂ ಇಲ್ಲಿ ಸ್ಮರಣಾರ್ಹ. ರಾಷ್ಟ್ರೀಯ ಪರವಾನಗಿಯ ಲಾರಿಗಳಲ್ಲಿ ಇಬ್ಬರು ಚಾಲಕರಿರಬೇಕು, ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗಲು ಸ್ಥಳವಿರಬೇಕು ಎಂಬ ನಿಯಮವಿತ್ತು. 2018ರಲ್ಲಿ ಇಬ್ಬರು ಚಾಲಕರ ನಿಯಮ ಸಡಿಲಗೊಂಡಿತು. ಈಗ ಬಹುಮಟ್ಟಿಗೆ ಒಬ್ಬನೇ ಚಾಲಕ. ಆತ ನಿದ್ದೆ ಮಾಡಿದರೆ ಮಾತ್ರ ಲಾರಿಗೂ ನಿದ್ದೆ.

ವಿಶ್ರಾಂತಿ ಎಂದರೆ ಯಾವುದು?

1961ರ ಕಾಯ್ದೆಯ ವ್ಯಾಖ್ಯೆಗಳಲ್ಲಿ ವ್ಯವಹಾರಸ್ಥರು ಗಮನಿಸಬೇಕಾದ ಸೂಕ್ಷ್ಮವೊಂದಿತ್ತು. ಚಾಲಕ ತನ್ನ ಸಮಯವನ್ನು ತನ್ನಿಚ್ಛೆಯಂತೆ ಕಳೆಯಲು ಸ್ವತಂತ್ರನಾಗಿರುವ, ನಿಗದಿತ ಮಿತಿಗಿಂತ ದೀರ್ಘವಾದ ಬಿಡುವು ವಾಹನದ ಓಟದ ಸಮಯದಲ್ಲಿ ಸೇರುವುದಿಲ್ಲ. ಆದರೆ ಲೆಕ್ಕ ಒಪ್ಪಿಸುವುದು, ರಿಜಿಸ್ಟರಿಗೆ ಸಹಿ ಹಾಕುವುದು, ವಾಹನವನ್ನು ಗ್ಯಾರೇಜಿಗೆ ಸೇರಿಸುವುದು, ಹಾಜರಿ ಹಾಕಿದ ಸ್ಥಳದಿಂದ ವಾಹನ ವಹಿಸಿಕೊಳ್ಳುವ ಸ್ಥಳಕ್ಕೆ ಹೋಗುವುದು, ದುರಸ್ತಿ, ಸರಕು ಹೇರಿ ಇಳಿಸುವುದು ಇವೆಲ್ಲ ಪೂರಕ ಕೆಲಸಗಳೆಂದು ಎಣಿಸಲ್ಪಟ್ಟು ದುಡಿಮೆಯ ಅವಧಿಗೇ ಸೇರುತ್ತವೆ. ಓಟದ ಸಮಯ ಮತ್ತು ಪೂರಕ ಕೆಲಸದ ಸಮಯ ಎರಡನ್ನೂ ದುಡಿಮೆಯೆಂದೇ ಗಣಿಸುವ ಈ ಕ್ರಮವನ್ನು ಹೊಸ ಸಂಹಿತೆಯೂ ಮುಂದುವರಿಸಿದೆ.

ಇದನ್ನು ನಮ್ಮ ಮೊದಲ ಸನ್ನಿವೇಶಕ್ಕೆ ಅನ್ವಯಿಸಿ ನೋಡಬಹುದು. ಸರಕು ಇಳಿಸಿದ ಮೇಲೆ ಚಾಲಕ ತನ್ನ ಮನೆಗೆ ಹೋದದ್ದು ಸ್ವಂತ ಕಾರ್ಯ. ಆದರೆ ಅದೇ ರಾತ್ರಿ ಮಾಲೀಕ ‘ಹೇಗೂ ಆ ಕಡೆ ಹೋಗುತ್ತೀಯಲ್ಲ, ನಾಳಿನ ಲೋಡಿಗೆ ಹತ್ತಿರವಾಗುವಂತೆ ಲಾರಿ ನಿಲ್ಲಿಸು’ ಎಂದರೆ ಆ ಪ್ರಯಾಣ ಸ್ವಂತದ್ದಾಗಿ ಉಳಿಯುವುದಿಲ್ಲ. ಅದು ಮಾಲೀಕನ ಕೆಲಸ. ದೂರ ಒಂದೇ, ರಸ್ತೆ ಒಂದೇ. ಉದ್ದೇಶ ಮಾತ್ರ ಬೇರೆ. ಹೆಸರಿಗೆ ಬಿಡುವು, ವಾಸ್ತವದಲ್ಲಿ ದುಡಿಮೆ ಎಂಬ ಈ ಸ್ಥಿತಿಯೇ ಚಾಲಕನ ನಿದ್ದೆಯನ್ನು ಕಸಿಯುವುದು. ಸ್ಟೀರಿಂಗ್ ಹಿಡಿದು ಕುಳಿತ ಹೊತ್ತನ್ನು ಯಾವ ಹೆಸರಿನಿಂದ ಕರೆದರೂ ಕಣ್ಣಿಗೆ ಅದು ಎಚ್ಚರದ ಹೊತ್ತೇ.

ಕೇಂದ್ರ ಸರ್ಕಾರದ ಅಂಕಿ-ಅಂಶಗಳಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಜನ ಅಸುನೀಗಿದರು. ವಿಶ್ರಾಂತಿಯ ಪ್ರಶ್ನೆಯನ್ನು ಕೇವಲ ಕಾಗದದ ಪ್ರಶ್ನೆಯೆಂದು ತಳ್ಳಿಹಾಕಲಾಗದು.

ಹೊರದೇಶಗಳ ಕ್ರಮ

ಬಿಡುವಿನ ವೇಳೆಯಲ್ಲಿ ಲಾರಿಯ ಸ್ವಂತ ಬಳಕೆಯನ್ನು ಪ್ರತ್ಯೇಕವಾಗಿ ಗುರುತಿಸುವ ಸ್ಪಷ್ಟ ನಿಯಮ ನಮ್ಮ ಕಾಯ್ದೆಗಳಲ್ಲಿಲ್ಲ. ಅಮೆರಿಕದಲ್ಲಿ ಸತತ 10 ಗಂಟೆ ಬಿಡುವಿನ ಬಳಿಕ 14 ಗಂಟೆಗಳ ಅವಧಿಯೊಳಗೆ ಗರಿಷ್ಠ 11 ಗಂಟೆ ಲಾರಿ ಓಡಿಸಬಹುದು. ಚಾಲಕ ಕೆಲಸದಿಂದ ಸಂಪೂರ್ಣ ಮುಕ್ತನಾಗಿದ್ದು ಸ್ವಂತ ಕಾರ್ಯಕ್ಕೆ ಲಾರಿ ಬಳಸಿದರೆ ಆ ಸಮಯವನ್ನು ಬಿಡುವೆಂದೇ ಬರೆದುಕೊಳ್ಳಲು ಅವಕಾಶವಿದೆ. ತಂಗಿದ ಸ್ಥಳದಿಂದ ಊಟಕ್ಕೆ ಹೋಗುವುದು, ಡಿಪೋದಿಂದ ಮನೆಗೆ ಹೋಗುವುದು, ಸರಕು ಇಳಿಸಿದ ಮೇಲೆ ಸಮೀಪದ ಸುರಕ್ಷಿತ ತಂಗುದಾಣ ಸೇರುವುದು ಇದಕ್ಕೆ ಉದಾಹರಣೆಗಳು. 2018ರಲ್ಲಿ ಅಲ್ಲಿನ ಸಾರಿಗೆ ಇಲಾಖೆ ಸರಕು ತುಂಬಿದ ಲಾರಿಗೂ ಈ ಅವಕಾಶವನ್ನು ವಿಸ್ತರಿಸಿತು. ಆದರೆ ಹತ್ತಿರದ ತಂಗುದಾಣವನ್ನು ಬಿಟ್ಟು ಮುಂದಿನ ಲೋಡಿಗೆ ಸಮೀಪವಾಗಲೆಂದು ಓಡಿಸಿದರೆ ಅದು ಸ್ವಂತ ಬಳಕೆ ಎನಿಸುವುದಿಲ್ಲ. ಸಂಸ್ಥೆ ಬೇಕಾದರೆ ಈ ಬಳಕೆಯನ್ನು ಮಿತಗೊಳಿಸಬಹುದು, ನಿಷೇಧಿಸಲೂಬಹುದು.

ಕೆನಡಾ ಇನ್ನೂ ಬಿಗಿ. ದಿನಕ್ಕೆ 75 ಕಿ.ಮೀ. ಮಿತಿ, ಲಾರಿ ಖಾಲಿಯಾಗಿರಬೇಕು, ಓಡೋಮೀಟರಿನ ಅಂಕಿ ಬರೆದಿಡಬೇಕು. ಈ ಎರಡೂ ಕ್ರಮಗಳಿಂದ ಕಲಿಯಬಹುದಾದುದು ಸರಳ. ಸ್ವಂತ ಬಳಕೆ ಅಪರಾಧವಲ್ಲ. ಅಲಿಖಿತವಾಗಿರುವುದು ಮಾತ್ರ ಅಪಾಯಕಾರಿ.

ವಿಮೆ ಎಲ್ಲಿಯವರೆಗೆ?

‘ಇನ್ಷೂರೆನ್ಸ್ ಇದೆಯಲ್ಲ’ ಎಂಬುದು ಲಾರಿ ಮಾಲೀಕರಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಸರಕು ಸಾಗಣೆ ವಾಹನದ ಪಾಲಿಸಿಯಲ್ಲಿ ಬಳಕೆಯ ಮಿತಿಗಳ ಕುರಿತು ಒಂದು ಕಲಮು ಇರುತ್ತದೆ. ಪರವಾನಗಿಗೆ ಒಳಪಟ್ಟ ಬಳಕೆ, ಇಲ್ಲವೇ ಒಟ್ಟು ತೂಕ 3,000 ಕೆ.ಜಿ. ಮೀರದ ಸಣ್ಣ ಸರಕು ವಾಹನಗಳಂತೆ ಪರವಾನಗಿಯಿಂದ ವಿನಾಯಿತಿ ಪಡೆದ ಬಳಕೆ ಮಾತ್ರ ಅದರ ವ್ಯಾಪ್ತಿಗೆ ಬರುತ್ತದೆ.

ಜನರನ್ನು ಕೂರಿಸಿಕೊಂಡು ಹೋದಾಗ ಪರಿಸ್ಥಿತಿ ಇನ್ನೂ ಗಂಭೀರ. 1994ರ ತಿದ್ದುಪಡಿಯಂತೆ ಸರಕಿನ ಮಾಲೀಕ ಅಥವಾ ಆತನ ಅಧಿಕೃತ ಪ್ರತಿನಿಧಿ ಸರಕಿನೊಂದಿಗೆ ಪ್ರಯಾಣಿಸಿದರೆ ವಿಮೆಯ ರಕ್ಷಣೆ ಉಂಟು. ಪುಕ್ಕಟೆ ಪ್ರಯಾಣಿಕರಿಗೆ ಇಲ್ಲ. ನ್ಯೂ ಇಂಡಿಯಾ ಅಶ್ಯೂರೆನ್ಸ್ ವಿರುದ್ಧ ಆಶಾ ರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2002ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪು ಇದನ್ನು ನಿಸ್ಸಂದಿಗ್ಧವಾಗಿ ಸಾರಿದೆ. 2004ರ ಬಲಜೀತ್ ಕೌರ್ ಪ್ರಕರಣದಲ್ಲಿ ಪರಿಹಾರವನ್ನು ಮೊದಲು ವಿಮಾ ಸಂಸ್ಥೆ ಪಾವತಿಸಿ, ಅನಂತರ ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯ ಆದೇಶಿಸಿತು. ಅಂದರೆ ಸಂತ್ರಸ್ತ ಕುಟುಂಬಕ್ಕೆ ಹಣ ದೊರೆತರೂ ಅದರ ಭಾರ ಕೊನೆಗೆ ಬೀಳುವುದು ಮಾಲೀಕನ ಹೆಗಲಿಗೇ.

ಆ ಭಾರ ಎಷ್ಟು? ಜಾತ್ರೆಗೆ ಹೋದ ಲಾರಿ ಮಗುಚಿ, ತಿಂಗಳಿಗೆ 15,000 ರೂಪಾಯಿ ಸಂಪಾದಿಸುವ, 30 ವರ್ಷದ, ನಾಲ್ವರು ಅವಲಂಬಿತರಿರುವ ಒಬ್ಬ ವ್ಯಕ್ತಿ ಮೃತಪಟ್ಟನೆಂದು ಭಾವಿಸೋಣ. ವಾರ್ಷಿಕ ಆದಾಯ 1,80,000 ರೂ. ಸರ್ವೋಚ್ಚ ನ್ಯಾಯಾಲಯದ 2017ರ ಪ್ರಣಯ್ ಸೇಠಿ ತೀರ್ಪಿನಂತೆ ಸ್ವಂತ ದುಡಿಮೆಯವರಿಗೆ ಈ ವಯಸ್ಸಿನಲ್ಲಿ ಭವಿಷ್ಯದ ಗಳಿಕೆಗಾಗಿ ಶೇ. 40 ಸೇರಿಸಿದರೆ 2,52,000 ರೂ. ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 1,89,000 ರೂ. 2009ರ ಸರಳಾ ವರ್ಮಾ ತೀರ್ಪು ನಿಗದಿಪಡಿಸಿದಂತೆ ಈ ವಯಸ್ಸಿಗೆ ಗುಣಕ 17. ಒಟ್ಟು 32,13,000 ರೂ. ಇದು ಅವಲಂಬನೆಯ ನಷ್ಟವೊಂದರ ಲೆಕ್ಕ. ಇತರ ಬಾಬ್ತುಗಳು ಮತ್ತು ಬಡ್ಡಿ ಬೇರೆ. ಒಬ್ಬ ವ್ಯಕ್ತಿಗೆ ಇಷ್ಟಾದರೆ, ಮೂವತ್ತು ಜನ ಕುಳಿತಿದ್ದ ಲಾರಿಯ ಮಾಲೀಕ ಲಾರಿ ಮಾರಿದರೂ, ಮನೆ ಮಾರಿದರೂ ಸಾಲದು. ‘ಹೋಗಿ ಬನ್ನಿ’ ಎಂಬ ಎರಡು ಪದಗಳ ಬೆಲೆ ಇದು.

‘ಅವನ ಸ್ವಂತ ಕೆಲಸ’ ಎಂದು ತಪ್ಪಿಸಿಕೊಳ್ಳಬಹುದೇ?

ಚಾಲಕ ತನ್ನ ಕಾರ್ಯಕ್ಕೆ ಲಾರಿ ಒಯ್ದಿದ್ದರೆ ಮಾಲೀಕ ಏಕೆ ಹೊಣೆಯಾಗಬೇಕು ಎಂಬ ಪ್ರಶ್ನೆ ಸಹಜ. 1966ರ ಸೀತಾರಾಮ್ ಮೋತಿಲಾಲ್ ಕಲಾಲ್ ಪ್ರಕರಣದಲ್ಲಿ, ಟ್ಯಾಕ್ಸಿಯನ್ನು ಚಾಲನಾ ಪರವಾನಗಿಯ ಪರೀಕ್ಷೆಗೆ ಬಳಸಿದಾಗ ಆದ ಅಪಘಾತಕ್ಕೆ ಮಾಲೀಕ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಆ ಬಳಕೆ ಮಾಲೀಕನ ಕೆಲಸದ ಭಾಗವಾಗಿರಲಿಲ್ಲ ಎಂಬುದು ಅದಕ್ಕೆ ಕಾರಣ. ಆದರೆ 1977ರ ಪುಷ್ಪಾಬಾಯಿ ಪ್ರಕರಣದಲ್ಲಿ ಹತ್ತಿ ಜಿನ್ನಿಂಗ್ ಸಂಸ್ಥೆಯೊಂದರ ವ್ಯವಸ್ಥಾಪಕ ಸಂಸ್ಥೆಯ ಕಾರಿನಲ್ಲಿ ಬೇರೊಬ್ಬರನ್ನು ಕರೆದೊಯ್ದಾಗ ಸಂಭವಿಸಿದ ಸಾವಿಗೆ ಸಂಸ್ಥೆಯನ್ನೇ ಹೊಣೆಯಾಗಿಸಲಾಯಿತು. ಮಾಲೀಕನ ಒಪ್ಪಿಗೆ, ಕೆಲಸದೊಂದಿಗಿನ ಸಂಬಂಧ, ಸಂದರ್ಭ ಇವೆಲ್ಲವನ್ನೂ ನ್ಯಾಯಾಲಯ ತೂಗಿ ನೋಡುತ್ತದೆ. ಆದ್ದರಿಂದ ‘ನನಗೆ ಗೊತ್ತಿರಲಿಲ್ಲ’ ಎಂಬ ಬಾಯಿಮಾತನ್ನು ನೆಚ್ಚಿಕೊಳ್ಳಲಾಗದು.

ಚಾಲಕನಿಗೇ ಅಪಾಯವಾದಾಗಲೂ ಇದೇ ಮಾತು. ದೆಹಲಿಯಿಂದ ಹೊರಟು ಸಾವಿರ ಕಿ.ಮೀ.ಗೂ ಮೀರಿ ಓಡಿಸಿದ್ದ ಚಾಲಕನೊಬ್ಬ ಅಸ್ವಸ್ಥನಾಗಿ, ಹೋಟೆಲಿನ ಬಳಿ ಲಾರಿ ನಿಲ್ಲಿಸಿ ಕುಸಿದು ಸತ್ತ ಪ್ರಕರಣದಲ್ಲಿ (ಪರಂಪಾಲ್ ಸಿಂಗ್, 2012) ಆ ಸಾವು ಉದ್ಯೋಗದಿಂದಲೇ ಉಂಟಾದದ್ದೆಂದು ಸರ್ವೋಚ್ಚ ನ್ಯಾಯಾಲಯ ಪರಿಗಣಿಸಿತು. ಊಟ ಮುಗಿಸಿ ಬಸ್ಸಿನ ಮೇಲಿನಿಂದ ಇಳಿಯುವಾಗ ಬಿದ್ದು ಸತ್ತ ಚಾಲಕನ ಪ್ರಕರಣದಲ್ಲಿ (ಲೀಲಾಬಾಯಿ, 2019) ಆತ ಬಸ್ಸಿನ ಬಳಿ ಉಳಿದದ್ದು ಸ್ವಂತ ಇಚ್ಛೆಯಿಂದಲ್ಲ, ಉದ್ಯೋಗದ ಅನಿವಾರ್ಯತೆಯಿಂದ ಎಂದು ತೀರ್ಮಾನಿಸಿತು. ಈಗ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆ, 2020 ಮನೆ ಮತ್ತು ಕೆಲಸದ ಸ್ಥಳದ ನಡುವಿನ ಪ್ರಯಾಣದ ಅಪಘಾತವನ್ನೂ, ಉದ್ಯೋಗದೊಂದಿಗೆ ಅದರ ಸಂಬಂಧ ಸಿದ್ಧಪಟ್ಟರೆ, ಪರಿಹಾರದ ವ್ಯಾಪ್ತಿಗೆ ತರುತ್ತದೆ. ಲಾರಿಯ ಕಾವಲಿಗೆ ಚಾಲಕನನ್ನು ಅದರಲ್ಲೇ ಮಲಗಿಸಿ, ಅಪಾಯವಾದಾಗ ‘ಅವನು ಬಿಡುವಿನಲ್ಲಿದ್ದ’ ಎನ್ನುವುದು ನ್ಯಾಯವೂ ಅಲ್ಲ, ಕಾನೂನಿನಲ್ಲಿ ಸುಲಭವಾಗಿ ನಿಲ್ಲುವ ವಾದವೂ ಅಲ್ಲ.

ಸರಕಿದ್ದ ಲಾರಿ ದಾರಿ ತಪ್ಪಿದರೆ

ಎರಡನೆಯ ಸನ್ನಿವೇಶದಲ್ಲಿ ಲಾರಿ ಮಾಲೀಕನ ಜೊತೆಗೆ ಸರಕಿನ ವರ್ತಕನೂ ಸಿಲುಕುತ್ತಾನೆ. ಸಾಮಾನ್ಯ ಸರಕಿನ ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ ಸಿಂಧುತ್ವ. 2020ರ ಅಂತ್ಯದವರೆಗೆ ಇದು 100 ಕಿ.ಮೀ.ಗೆ ಒಂದು ದಿನವಿತ್ತು. 2021ರ ಜನವರಿ 1ರಿಂದ ಬಿಗಿಯಾಯಿತು. ಊರಿನಲ್ಲಿ ಒಂದು ದಿನ ತಂಗಿದ ಲಾರಿಯ ಬಿಲ್ಲು ದಾರಿಯಲ್ಲೇ ಅವಧಿ ಮೀರಬಹುದು. ಅವಧಿ ಮುಗಿಯುವ 8 ಗಂಟೆ ಮುಂಚೆ ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಲು ಅವಕಾಶವಿದೆ. ಆದರೆ ಚಾಲಕ ತಿಳಿಸಿದರೆ ತಾನೇ ವಿಸ್ತರಿಸುವುದು? ತಪಾಸಣೆಯಲ್ಲಿ ಸಿಕ್ಕರೆ ಸರಕು ಮತ್ತು ಲಾರಿ ಎರಡನ್ನೂ ತಡೆಹಿಡಿಯಬಹುದು. ತೆರಿಗೆಗೆ ಒಳಪಟ್ಟ ಸರಕಿನ ಮಾಲೀಕ ಮುಂದೆ ಬಂದರೂ ದಂಡ ತೆರಿಗೆಯ ಎರಡು ಪಟ್ಟು. ಹೆದ್ದಾರಿಯ ಫಾಸ್ಟ್ಯಾಗ್ ದಾಖಲೆ ಲಾರಿ ಯಾವ ಟೋಲ್ ದಾಟಿತು, ಯಾವಾಗ ದಾಟಿತು ಎಂಬುದನ್ನು ಹೇಳಿಬಿಡುತ್ತದೆ.

ಮಾಡಬೇಕಾದುದೇನು?

ಸ್ವಂತ ಬಳಕೆಯನ್ನು ಸಾರಾಸಗಟಾಗಿ ನಿಷೇಧಿಸುವುದು ಹೇಳುವಷ್ಟು ಸುಲಭವಲ್ಲ. ರಾತ್ರಿ ಹತ್ತು ಗಂಟೆಗೆ ಸರಕು ಇಳಿಸಿದವನನ್ನು ಬಸ್ಸಿಲ್ಲದ ಊರಲ್ಲಿ ಬಿಟ್ಟು ‘ಲಾರಿ ಮುಟ್ಟಬೇಡ’ ಎಂದರೆ ಆತ ಕದ್ದು ಮುಟ್ಟುತ್ತಾನೆ. ಇಲ್ಲವೇ ನಿದ್ದೆಗೆಟ್ಟು ಮರುದಿನ ಓಡಿಸುತ್ತಾನೆ. ಎರಡೂ ಮಾಲೀಕನಿಗೆ ನಷ್ಟವೇ. ಈ ಕೆಳಗಿನ ಕ್ರಮಗಳು ಸಣ್ಣ ಮಾಲೀಕರಿಗೂ ಸಾಧ್ಯವಾಗುವಂಥವು.

1. ನೇಮಕದ ವೇಳೆಯಲ್ಲೇ ಒಂದು ಪುಟದ ಕನ್ನಡ ಕರಾರು ಮಾಡಿಕೊಂಡು, ಸ್ವಂತ ಬಳಕೆಗೆ ಎಷ್ಟು ದೂರ, ಯಾವ ಸಂದರ್ಭದಲ್ಲಿ ಒಪ್ಪಿಗೆ ಎಂಬುದನ್ನು ಬರೆಯುವುದು. ಚಾಲಕನಿಗೆ ಓದಿ ಹೇಳಿ ಸಹಿ ಪಡೆಯುವುದು.

2. ಖಾಲಿ ಲಾರಿಗೆ ಮಾತ್ರ ಒಪ್ಪಿಗೆ ನೀಡುವುದು. ಸರಕಿದ್ದಾಗ ಊಟಕ್ಕೆ ಅಥವಾ ಸಮೀಪದ ಸುರಕ್ಷಿತ ನಿಲುಗಡೆಗೆ ಮಾತ್ರ ದಾರಿ ಬಿಡಲು ಅನುಮತಿ.

3. ಟ್ರಿಪ್ ಶೀಟಿನಲ್ಲಿ ದುಡಿಮೆ ಮುಗಿದ ವೇಳೆ, ಆರಂಭವಾದ ವೇಳೆ ಮತ್ತು ಎರಡೂ ವೇಳೆಯ ಕಿಲೋಮೀಟರ್ ಅಂಕಿಗೆ ಒಂದೊಂದು ಅಂಕಣ ಸೇರಿಸುವುದು. ನಡುವೆ 9 ಗಂಟೆಗಳ ಬಿಡುವು ದೊರೆಯದಿದ್ದರೆ ಮರುದಿನದ ಲೋಡನ್ನು ತಡಮಾಡುವುದು.

4. ಮಾಲೀಕನ ಅನುಕೂಲಕ್ಕಾಗಿ ಓಡಿಸಿದ ಯಾವ ಪ್ರಯಾಣವನ್ನೂ ಸ್ವಂತ ಬಳಕೆ ಎಂದು ಬರೆಯದಿರುವುದು.

5. ಜಾತ್ರೆ, ಮದುವೆ, ಶವಯಾತ್ರೆ ಯಾವುದೇ ಇರಲಿ, ಲಾರಿಯಲ್ಲಿ ಜನರನ್ನು ಕೂರಿಸುವುದಕ್ಕೆ ಸ್ಪಷ್ಟ ನಿಷೇಧ. ಸಹಾಯ ಮಾಡಲೇಬೇಕೆನಿಸಿದರೆ ಬಸ್ಸಿನ ಬಾಡಿಗೆಗೆ ಕೈಲಾದ ವಂತಿಗೆ ಕೊಡುವುದು ಲೇಸು.

6. ಪರವಾನಗಿಯಿಲ್ಲದ ಕ್ಲೀನರನ ಕೈಗೆ ಲಾರಿ ಕೊಡಕೂಡದೆಂಬುದನ್ನು ಕರಾರಿನಲ್ಲಿ ಸೇರಿಸುವುದು.

7. ಪಾಲಿಸಿಯ ಬಳಕೆಯ ಮಿತಿಗಳನ್ನು ಓದಿಸಿ ತಿಳಿದುಕೊಂಡು, ಚಾಲಕ ಮತ್ತು ಕ್ಲೀನರರ ಕುರಿತ ಹೊಣೆ ಅದರಲ್ಲಿ ಸೇರಿದೆಯೇ ಎಂದು ನವೀಕರಣದ ವೇಳೆ ಖಚಿತಪಡಿಸಿಕೊಳ್ಳುವುದು.

8. ದೂರದ ಊರಿನಲ್ಲಿ ರಾತ್ರಿ ಲೋಡು ಇಳಿಯುವಾಗ ಚಾಲಕನ ಭತ್ಯೆಯಲ್ಲಿ ತಂಗುವ ಖರ್ಚನ್ನು ಸೇರಿಸುವುದು. ನೂರಾರು ರೂಪಾಯಿಯ ಈ ಖರ್ಚು ಲಕ್ಷಾಂತರ ರೂಪಾಯಿಯ ಹೊಣೆಯನ್ನು ತಪ್ಪಿಸಬಲ್ಲದು.

ಸರಕು ಕಳುಹಿಸುವ ವರ್ತಕರ ಪಾಲೂ ಇಲ್ಲಿದೆ. ಲಾರಿಯನ್ನು ಗೋದಾಮಿನ ಮುಂದೆ ಹಗಲೆಲ್ಲ ಕಾಯಿಸಿ, ಸಂಜೆ ಲೋಡು ಮಾಡಿ, ಬೆಳಗಾಗುವುದರೊಳಗೆ ಮುಟ್ಟಬೇಕೆಂದು ಪಟ್ಟು ಹಿಡಿಯುವವರು ಚಾಲಕನ ವಿಶ್ರಾಂತಿಯನ್ನು ಕಸಿದವರೇ ಆಗುತ್ತಾರೆ. ಕಾರ್ಖಾನೆ, ಗೋದಾಮು, ಮಾರುಕಟ್ಟೆಯ ಆವರಣಗಳಲ್ಲಿ ಲಾರಿ ನಿಲ್ಲಿಸಲು ಕಾವಲಿರುವ ಜಾಗ, ನೀರು, ಶೌಚಾಲಯ, ಮಲಗಲು ನೆರಳು ಇದ್ದರೆ ಚಾಲಕ ಲಾರಿ ಬಿಟ್ಟು ನೆಮ್ಮದಿಯಿಂದ ಮಲಗಬಲ್ಲ, ಇಲ್ಲವೇ ಲಾರಿ ನಿಲ್ಲಿಸಿ ಬಸ್ಸಿನಲ್ಲಿ ಮನೆಗೆ ಹೋಗಬಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿದೆ. ಆದರೆ ಇಂದು ನಮ್ಮ ರಸ್ತೆಗಳಲ್ಲಿರುವ ಲಾರಿಗಳಲ್ಲಿ ಬಹಳಷ್ಟು ಹಳೆಯವು. ವೈಶಾಖದ ಬಿಸಿಲಿನಲ್ಲಿ ಕಾದ ಕ್ಯಾಬಿನ್ನಿನಲ್ಲಿ ನಿದ್ದೆಯೆಂಬುದು ಹೆಸರಿಗಷ್ಟೇ.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಸಾರಿಗೆ ವ್ಯವಹಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಬನದ ಹುಣ್ಣಿಮೆ ವರ್ಷವರ್ಷವೂ ಬರುತ್ತದೆ. ಚಾಲಕರಿಗೆ ಮನೆಯ ನೆನಪು ದಿನದಿನವೂ ಬರುತ್ತದೆ. ಇವೆರಡನ್ನೂ ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಚಾಲಕ ಮನೆ ಮುಟ್ಟಬೇಕು, ಕಣ್ತುಂಬ ನಿದ್ದೆ ಮಾಡಬೇಕು, ಮರುದಿನ ಲೋಡೂ ಮುಟ್ಟಬೇಕು. ಇದಕ್ಕೆ ಬೇಕಾಗುವುದು ಒಂದು ಪುಟದ ಕರಾರು, ಟ್ರಿಪ್ ಶೀಟಿನಲ್ಲಿ ನಾಲ್ಕು ಅಂಕಣಗಳು ಮತ್ತು ಕೇಳಿದವರಿಗೆಲ್ಲ ಒಪ್ಪಿಬಿಡದ ಮಾಲೀಕನ ದೃಢತೆ.